ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ನಿವಾಸಿಗಳ ಸಂಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬಾಸ್ಟನ್ ನಗರದಲ್ಲಿ ಡಡ್ಲಿ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ. ಅದರ ಆಸುಪಾಸಿನ ಬಡವರು ನಡೆಸುವ ಸಂಸ್ಥೆಯ ಹೆಸರು ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಷಿಯೇಟಿವ್, ಚಿಕ್ಕದಾಗಿ ಡಿಎಸ್‌ಎನ್‌ಐ. ಶುರುವಾಗಿದ್ದು 1984ರಲ್ಲಿ. ಬಡಾವಣೆ ಸಂಘ, ಟ್ರಸ್ಟ್, ಸ್ಲಂ ಕೆಲಸ ಅಂತ ಓಡಾಡುವವರ ಮಧ್ಯೆ ಈ ಹೆಸರು ಬಂದಾಗ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಆ ಜಾಗ ಎಲ್ಲಿದೆ? ಅಲ್ಲಿರುವವರು ಯಾರು?

ರಾಕ್ಸ್‌ಬರಿ ಮತ್ತು ಉತ್ತರ ಡಾರ್ಚೆಸ್ಟರ್ ಅನ್ನುವ ಬಡಾವಣೆಗಳು ಸೇರುವ ಕಡೆ. ಬಾಸ್ಟನ್ನಿನ ದೊಡ್ಡ ದೊಡ್ಡ ಕಟ್ಟಡಗಳಿರುವ ಪೇಟೆಯಿಂದ ಕೆಲವೇ ಕಿಲೋಮೀಟರ್ ದೂರ. ಕಪ್ಪು ಜನರು, ಪೋರ್ಟೋ ರಿಕೋ ಮತ್ತಿತರ ಕಡೆಯಿಂದ ಬಂದ ಸ್ಪ್ಯಾನಿಷ್ ಮಾತಾಡುವವರು, ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡಿ ದ್ವೀಪಗಳಿಂದ ಬಂದವರು, ಜೊತೆಗೆ ಊರು ಬಿಡದೆ ಉಳಿದುಕೊಂಡ ಬಿಳಿಯರು. ಒಂದೇ ಬೀದಿಯಲ್ಲಿ ಮೂರು ಭಾಷೆ. ಹಾಗಾಗಿ ಸಂಸ್ಥೆಯ ಸಭೆಗಳೂ ಇಂಗ್ಲಿಷ್, ಸ್ಪ್ಯಾನಿಷ್ ಮತ್ತು ಕೇಪ್ ವರ್ಡಿಯವರ ಕ್ರಿಯೋಲ್ ಮೂರರಲ್ಲೂ ನಡೆಯುತ್ತವೆ, ಅನುವಾದ ಮಾಡುವವರು ಪಕ್ಕದಲ್ಲೇ ಇರುತ್ತಾರೆ. ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಭಾಷೆ ಬರದವರು ಸಭೆಗೆ ಬಂದು ಸುಮ್ನೆ ಕೂತು ಎದ್ದು ಹೋಗುವುದು ಎಷ್ಟು ಕಡೆ ನಡೆಯಲ್ಲ ಹೇಳಿ?

ಬಾಸ್ಟನ್‌ನಂಥ ಸಿರಿವಂತ ಊರಿನಲ್ಲಿ ಒಂದು ಏರಿಯಾ ಅಷ್ಟು ಹಾಳಾಗಿದ್ದು ಹೇಗೆ?

ತಾನಾಗಿ ಹಾಳಾಗಲಿಲ್ಲ, ಹಾಳು ಮಾಡಿದರು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಕಪ್ಪು ಜನ ಮತ್ತು ವಲಸಿಗರು ಇರುವ ಕಡೆಗಳಿಗೆ ಕೆಂಪು ಬಣ್ಣ ಬಳಿದಿತ್ತು. ಕೆಂಪು ಅಂದರೆ ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ. ಅಂಥ ಕಡೆ ಮನೆ ಸಾಲ ಸಿಗದು. ಸಾಲ ಇಲ್ಲ ಅಂದರೆ ರಿಪೇರಿ ಇಲ್ಲ, ಹೊಸ ಮನೆ ಇಲ್ಲ, ಮಾರೋಣ ಅಂದರೆ ಕೊಳ್ಳುವವರೂ ಇಲ್ಲ. ಎರಡನೇ ಮಹಾಯುದ್ಧದ ನಂತರ ಬಿಳಿಯರು ನಗರದ ಹೊರಗಿನ ಊರುಗಳಿಗೆ ಗುಳೆ ಎದ್ದರು. 1970ರ ದಶಕ ಬರುವಷ್ಟರಲ್ಲಿ ಮನೆ ಮಾಲೀಕರಿಗೆ ಬಾಡಿಗೆಗಿಂತ ಇನ್ಶೂರೆನ್ಸ್ ದುಡ್ಡೇ ಲಾಭ ಅನ್ನಿಸತೊಡಗಿತು. ಬೆಂಕಿ ಹಚ್ಚಿಸಿದರು. ರಾತ್ರಿ ಎದ್ದು ಯಾವ ಮನೆ ಉರಿಯುತ್ತಿದೆ ಅಂತ ನೋಡುವುದು ಅಲ್ಲಿಯವರಿಗೆ ಅಭ್ಯಾಸವೇ ಆಗಿಹೋಗಿತ್ತು.

1980ರ ದಶಕದ ಹೊತ್ತಿಗೆ ಸುಮಾರು 1,300 ಸೈಟುಗಳು ಖಾಲಿ ಬಿದ್ದಿದ್ದವು. ಖಾಲಿ ಸೈಟು ಅಂದರೆ ಏನಾಗುತ್ತೆ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಊರಿನವರ ಕಸವೆಲ್ಲ ಅಲ್ಲಿಗೆ ಬಂತು. ಕೆಟ್ಟ ಫ್ರಿಜ್ಜು, ಕೊಳೆತ ಮಾಂಸ, ಕಟ್ಟಡ ಒಡೆದ ಮಣ್ಣು, ನಂಬರ್ ಪ್ಲೇಟ್ ಕಿತ್ತ ಕಾರು, ಎಲ್ಲಾ.

ಇದನ್ನು ಶುರು ಮಾಡಿದ್ದು ಅಲ್ಲಿಯ ನಿವಾಸಿಗಳೇನಾ?

ಪೂರ್ತಿ ಅಲ್ಲ, ಈ ಕತೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವ ಭಾಗ ಇದೇ. 1984ರಲ್ಲಿ ಲಾ ಅಲಿಯಾನ್ಸಾ ಹಿಸ್ಪಾನಾ ಅನ್ನುವ ಅಲ್ಲಿಯ ಸೇವಾ ಸಂಸ್ಥೆಯೊಂದು ರೈಲಿ ಫೌಂಡೇಷನ್ ಹತ್ತಿರ ಅನುದಾನ ಕೇಳಿತು. ಫೌಂಡೇಷನ್ನಿನ ಟ್ರಸ್ಟಿಗಳು ಜಾಗ ನೋಡಲು ಬಂದರು. ಬಂದವರು ಸುತ್ತಲಿನ ಸ್ಥಿತಿ ಕಂಡು, ಒಂದು ಸಂಸ್ಥೆಗೆ ಚಿಲ್ಲರೆ ದುಡ್ಡು ಕೊಟ್ಟರೆ ಏನೂ ಆಗಲ್ಲ, ಇಡೀ ಏರಿಯಾಗೆ ಏನಾದರೂ ಮಾಡಬೇಕು ಅಂದುಕೊಂಡರು. ಸುತ್ತಮುತ್ತಲಿನ ಸೇವಾ ಸಂಸ್ಥೆಗಳನ್ನೆಲ್ಲ ಸೇರಿಸಿ ಯೋಜನೆ ಮಾಡಿದರು, ಆಡಳಿತ ಮಂಡಳಿಯನ್ನೂ ತಾವೇ ಗೆರೆ ಹಾಕಿಟ್ಟರು.

1985ರ ಫೆಬ್ರವರಿಯಲ್ಲಿ ಇದನ್ನು ಜನರ ಮುಂದಿಡಲು ಸಭೆ ಕರೆದರು. ಜನ ಬಂದರು, ಕೇಳಿದರು, ರೇಗಿದರು. ವೇದಿಕೆ ಮೇಲೆ ಕೂತಿರುವ ನಿಮ್ಮಲ್ಲಿ ಎಷ್ಟು ಜನ ಇಲ್ಲಿ ವಾಸ ಮಾಡುತ್ತೀರಿ ಅನ್ನುವುದು ಅವರ ಪ್ರಶ್ನೆ. ಮಂಡಳಿಯಲ್ಲಿ ನಿವಾಸಿಗಳಿಗೆ ಇಟ್ಟಿದ್ದು ಬೆರಳೆಣಿಕೆಯಷ್ಟು ಸೀಟು. ಉಳಿದದ್ದೆಲ್ಲ ಸಂಸ್ಥೆ, ಚರ್ಚು, ಸರ್ಕಾರ.

ಇಂಥ ಹೊತ್ತಿನಲ್ಲಿ ದುಡ್ಡು ಕೊಡುವವರು ಸಾಮಾನ್ಯವಾಗಿ ಮುನಿಸಿಕೊಂಡು ಎದ್ದು ಹೋಗುತ್ತಾರೆ, ಇಲ್ಲವೇ ನಕ್ಕು ತಲೆಯಾಡಿಸಿ ತಮಗೆ ಬೇಕಾದ್ದನ್ನೇ ಮಾಡುತ್ತಾರೆ. ರೈಲಿಯವರು ಎರಡೂ ಮಾಡಲಿಲ್ಲ. ಮಂಡಳಿಯ ರಚನೆ ಬದಲಾಯಿತು, ನಿವಾಸಿಗಳ ಕೈ ಮೇಲಾಯಿತು. ದುಡ್ಡು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಸಂಸ್ಥೆಯನ್ನು ನಿವಾಸಿಗಳು ಹುಟ್ಟುಹಾಕಿದರು ಅನ್ನುವುದಕ್ಕಿಂತ, ಹುಟ್ಟಿದ ತಕ್ಷಣ ತಮ್ಮ ಕೈಗೆ ತೆಗೆದುಕೊಂಡರು ಅನ್ನುವುದು ಸರಿ.

ಬೋರ್ಡಿನಲ್ಲಿ ಸೀಟು ಹಂಚುವುದು ಹೇಗೆ? ಯಾವ ಜನ ಜಾಸ್ತಿಯೋ ಅವರಿಗೆ ಜಾಸ್ತಿಯಾ?

ಇಲ್ಲ. ಕಪ್ಪು ಜನ, ಸ್ಪ್ಯಾನಿಷ್ ಮಾತಾಡುವ ಲ್ಯಾಟಿನೋ ಜನ, ಕೇಪ್ ವರ್ಡಿಯವರು, ಬಿಳಿಯರು, ನಾಲ್ಕೂ ಗುಂಪಿಗೆ ಸಮ ಸಮ ಸೀಟು. ಜನಸಂಖ್ಯೆ ಎಷ್ಟೇ ಇರಲಿ. ಲೆಕ್ಕದ ಪ್ರಕಾರ ಇದು ಸರಿಯಿಲ್ಲ ಅಂತ ವಾದ ಮಾಡಬಹುದು. ಆದರೆ ಒಂದು ಗುಂಪು ಇನ್ನೊಂದನ್ನು ವೋಟಿನಲ್ಲಿ ಸೋಲಿಸಿ ಸಂಸ್ಥೆಯನ್ನೇ ಹಿಡಿದುಕೊಳ್ಳುವ ದಾರಿ ಇದರಿಂದ ಮುಚ್ಚಿತು, ಯಾವ ಕೆಲಸ ಆಗಬೇಕಾದರೂ ಇನ್ನೊಬ್ಬರನ್ನು ಮಾತಾಡಿಸಲೇಬೇಕಾಯಿತು. ಹುಡುಗ ಹುಡುಗಿಯರಿಗೂ ಮಂಡಳಿಯಲ್ಲಿ ಬೇರೆಯಾಗಿ ಜಾಗ ಇದೆ. ಚುನಾವಣೆ ನಡೆದು ಬರುತ್ತಾರೆ.

ಮೊದಲು ಏನು ಮಾಡಿದರು? ಮನೆ ಕಟ್ಟಿದರಾ?

ಕಸ ತೆಗೆಸಿದರು. 1986ರಲ್ಲಿ "ನಮ್ಮ ಮೇಲೆ ಕಸ ಸುರಿಯಬೇಡಿ" ಅಂತ ಅಭಿಯಾನ. ಅದೂ ಸುಮ್ನೆ ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುವ ತರಹದ್ದಲ್ಲ. ಲೈಸೆನ್ಸ್ ಇಲ್ಲದೆ ಕಸ ತಂದು ಗುಡ್ಡೆ ಹಾಕಿ ಸಾಗಿಸುವ ಅಡ್ಡೆಗಳು ಮನೆಗಳ ಪಕ್ಕದಲ್ಲೇ ನಡೆಯುತ್ತಿದ್ದವು. ಅವನ್ನು ಮುಚ್ಚಿಸಬೇಕು, ಬಿಟ್ಟುಹೋದ ಕಾರುಗಳನ್ನು ನಗರದವರೇ ಎತ್ತಬೇಕು ಅಂತ ಆಗಿನ ಮೇಯರ್ ರೇಮಂಡ್ ಫ್ಲಿನ್ ಬೆನ್ನು ಬಿದ್ದರು. ಅಡ್ಡೆಗಳು ಮುಚ್ಚಿದವು, ಕಾರುಗಳು ಹೋದವು.

ಮನೆ, ಸ್ಕೂಲು, ಕೆಲಸ ಇಷ್ಟೆಲ್ಲ ಬೇಕಾಗಿರುವಾಗ ಕಸದಿಂದ ಯಾಕೆ ಶುರು ಮಾಡಿದರು ಅಂತ ಕೇಳುವವರಿದ್ದಾರೆ. ಮನೆ ಬರಲು ಹತ್ತು ವರ್ಷ ಬೇಕು. ಕಾರು ಎತ್ತಿದರೆ ಮಾರನೇ ದಿನ ಕಾಣುತ್ತೆ. ಕೇಳಿದರೆ ಆಗುತ್ತೆ ಅನ್ನುವುದನ್ನು ಕಣ್ಣಾರೆ ಕಂಡ ಮೇಲೆ ತಾನೇ ಜನ ಮುಂದಿನ ಸಭೆಗೆ ಬರುವುದು?

ಮಾಸ್ಟರ್ ಪ್ಲಾನ್ ಮಾಡಿದರಂತೆ?

ಹೌದು, 1987ರಲ್ಲಿ. ಸಲಹೆಗಾರರನ್ನು ನಿವಾಸಿಗಳೇ ಆರಿಸಿಕೊಂಡರು. ನೂರಾರು ಜನ ಮಾತಾಡಿ ಮಾಡಿದ ಪ್ಲಾನ್ ಅದು. ಅದನ್ನು ನಗರಾಡಳಿತವೂ ಒಪ್ಪಿಕೊಂಡಿತು. ಆ ಪ್ಲಾನಿನಲ್ಲಿದ್ದದ್ದು ಒಂದು ಹಳ್ಳಿಯಂಥ ಬಡಾವಣೆ: ಕೈಗೆಟಕುವ ಮನೆ, ನಡುವೆ ಜನ ಸೇರುವ ಬಯಲು, ಮಕ್ಕಳಿಗೆ ಪಾರ್ಕು, ಹತ್ತಿರದಲ್ಲೇ ಅಂಗಡಿ.

ಚಾರಿಟಿ ಸಂಸ್ಥೆಗೆ ಭೂಸ್ವಾಧೀನದ ಅಧಿಕಾರ ಸಿಕ್ಕಿತು ಅಂತಾರೆ. ನಿಜಾನಾ?

ನಿಜ. ಅಮೆರಿಕದಲ್ಲಿ ಬಡಾವಣೆಯ ಜನರ ಸಂಸ್ಥೆಯೊಂದಕ್ಕೆ ಈ ಅಧಿಕಾರ ಸಿಕ್ಕಿದ್ದು ಅದೇ ಮೊದಲು.

ಸಮಸ್ಯೆ ಏನಿತ್ತು ಅಂದರೆ, ಡಡ್ಲಿ ಟ್ರಯಾಂಗಲ್ ಅಂತ ಕರೆಯುವ ಸುಮಾರು 60 ಎಕರೆಯ ಭಾಗದಲ್ಲಿ ಖಾಲಿ ಜಾಗ ಬೇಕಾದಷ್ಟಿತ್ತು, ಆದರೆ ಒಂದು ಸೈಟು ನಗರದ್ದು, ಪಕ್ಕದ್ದು ಖಾಸಗಿ, ಅದರಾಚೆಯದು ಮತ್ತೆ ನಗರದ್ದು, ಹೀಗೆ ಚೂರುಚೂರಾಗಿ ಹೆಣೆದುಕೊಂಡಿತ್ತು. ಖಾಸಗಿಯವರಲ್ಲಿ ಕೆಲವರು ತೆರಿಗೆ ಕಟ್ಟಿಲ್ಲ, ಕೆಲವರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲ, ಇನ್ನು ಕೆಲವರು ರೇಟು ಏರಲಿ ಅಂತ ಕಾಯುತ್ತಾ ಕೂತವರು. ನಗರ ತನ್ನ ಸೈಟುಗಳನ್ನು ಕೊಟ್ಟರೂ ನಾಲ್ಕು ಮನೆ ಸಾಲಾಗಿ ಕಟ್ಟಲು ಜಾಗ ಇಲ್ಲ.

ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನಿನಲ್ಲಿ 121ಎ ಅಂತ ಒಂದು ಅಧ್ಯಾಯ ಇದೆ. ಪುನರಭಿವೃದ್ಧಿ ಮಾಡುವ ಖಾಸಗಿ ಕಂಪನಿಗಳಿಗೂ ಭೂಸ್ವಾಧೀನದ ಅಧಿಕಾರ ಕೊಡಬಹುದು ಅನ್ನುತ್ತೆ ಅದು. ವಕೀಲರು ಅದನ್ನು ಹುಡುಕಿ ತೆಗೆದರು. ಕಂಪನಿಗೆ ಕೊಡಬಹುದಾದರೆ ನಿವಾಸಿಗಳು ಕಟ್ಟಿದ ಕಂಪನಿಗೆ ಯಾಕಾಗಬಾರದು? ಇದಕ್ಕಂತಲೇ ಡಡ್ಲಿ ನೇಬರ್ಸ್ ಇನ್‌ಕಾರ್ಪೊರೇಟೆಡ್ ಅನ್ನುವ ಅಂಗಸಂಸ್ಥೆ ಮಾಡಿದರು. ಮೇಯರ್ ಫ್ಲಿನ್ ಬೆಂಬಲ ಕೊಟ್ಟರು. 1988ರಲ್ಲಿ ಬಾಸ್ಟನ್ ರೀಡೆವಲಪ್‌ಮೆಂಟ್ ಅಥಾರಿಟಿ, ಅಂದರೆ ನಗರದ ಪುನರಭಿವೃದ್ಧಿ ಪ್ರಾಧಿಕಾರ, ಒಪ್ಪಿಗೆ ಕೊಟ್ಟಿತು.

ಈ ಅಥಾರಿಟಿಯ ಹಿನ್ನೆಲೆ ಗೊತ್ತಿದ್ದರೆ ಇದರ ರುಚಿ ಜಾಸ್ತಿ. 1950ರ ದಶಕದ ಕೊನೆಯಲ್ಲಿ ವೆಸ್ಟ್ ಎಂಡ್ ಅನ್ನುವ ಕಾರ್ಮಿಕರ ಬಡಾವಣೆಯನ್ನು ಅಭಿವೃದ್ಧಿ ಹೆಸರಿನಲ್ಲಿ ಪೂರ್ತಿ ನೆಲಸಮ ಮಾಡಿದ್ದು, ಸಾವಿರಾರು ಜನರನ್ನು ಎಬ್ಬಿಸಿದ್ದು ಇದೇ ಅಥಾರಿಟಿ. ಬಡವರನ್ನು ಎಬ್ಬಿಸಲು ಬಳಸಿದ ಅಸ್ತ್ರವೇ ಈ ಸಲ ಬಡವರ ಕೈಗೆ ಬಂತು.

ಯಾರ ಮನೆಯನ್ನಾದರೂ ಕಿತ್ತುಕೊಂಡರಾ?

ಇಲ್ಲ. ಅಧಿಕಾರ ಇದ್ದದ್ದು ಖಾಲಿ ಜಾಗಕ್ಕೆ ಮಾತ್ರ. ಮಾಲೀಕರಿಗೆ ಪರಿಹಾರ ಕೊಡಬೇಕಿತ್ತು. ನಮ್ಮಲ್ಲಿ ಭೂಸ್ವಾಧೀನ ಅಂದ ಕೂಡಲೇ ಬಿಡಿಎ, ಕೆಐಎಡಿಬಿ ನೋಟಿಸು ನೆನಪಾಗುತ್ತೆ, ಹಾಗಾಗಿ ಈ ಪ್ರಶ್ನೆ ಬರುವುದು ಸಹಜ. ಅಲ್ಲಿಯ ನಿವಾಸಿಗಳಿಗೂ ಅದೇ ಭಯ ಇತ್ತು. ಅದಕ್ಕೇ ಮೊದಲು ಮನೆ ಮನೆಗೆ ಹೋಗಿ ಇದನ್ನೇ ವಿವರಿಸಬೇಕಾಯಿತು.

ಜಮೀನು ಕೊಳ್ಳಲು ದುಡ್ಡು ಎಲ್ಲಿಂದ?

ಫೋರ್ಡ್ ಫೌಂಡೇಷನ್ 20 ಲಕ್ಷ ಡಾಲರ್ ಕೊಟ್ಟಿತು. ದಾನವಲ್ಲ, ಕಡಿಮೆ ಬಡ್ಡಿಯ ಸಾಲ. ನಗರದ ಸೈಟುಗಳು ಬೇರೆಯಾಗಿ ಬಂದವು. ಕಟ್ಟುವುದಕ್ಕೆ ನಗರ, ರಾಜ್ಯ, ಬ್ಯಾಂಕು ಅಂತ ನಾನಾ ಕಡೆ ಸುತ್ತಬೇಕಾಯಿತು. ಅಧಿಕಾರ ಸಿಕ್ಕ ಮೇಲೂ ಮೊದಲ ಹೊಸ ಮನೆಗಳು ಎದ್ದದ್ದು 1990ರ ದಶಕದಲ್ಲಿ. ಒಂದೆರಡು ವರ್ಷದಲ್ಲಿ ರಿಸಲ್ಟ್ ತೋರಿಸಿ ಅಂತ ಕೇಳುವ ದಾನಿಗಳಿದ್ದಿದ್ದರೆ ಈ ಕೆಲಸ ಮಧ್ಯದಲ್ಲೇ ನಿಲ್ಲುತ್ತಿತ್ತು.

ಹಾಗಾದರೆ ಮನೆ ಯಾರದು, ಜಮೀನು ಯಾರದು?

ಮನೆ ನಿಮ್ಮದು, ಜಮೀನು ಟ್ರಸ್ಟಿನದು, ಅಂದರೆ ಮೇಲೆ ಹೇಳಿದ ಡಡ್ಲಿ ನೇಬರ್ಸ್ ಇನ್‌ಕಾರ್ಪೊರೇಟೆಡ್‌ನದು. ಇಡೀ ವ್ಯವಸ್ಥೆಯ ಗುಟ್ಟು ಇಷ್ಟೇ.

ಮನೆ ಕೊಳ್ಳುವವರು ಕಟ್ಟಡಕ್ಕೆ ಮಾತ್ರ ದುಡ್ಡು ಕೊಡುತ್ತಾರೆ, ಬ್ಯಾಂಕ್ ಸಾಲವನ್ನೂ ಅದಕ್ಕೇ ತೆಗೆದುಕೊಳ್ಳುತ್ತಾರೆ. ಕೆಳಗಿನ ನೆಲವನ್ನು ಟ್ರಸ್ಟು 99 ವರ್ಷಕ್ಕೆ ಲೀಸ್ ಕೊಡುತ್ತೆ, ಅದಕ್ಕೆ ತಿಂಗಳಿಗೆ ಒಂದು ಸಣ್ಣ ಮೊತ್ತ. ಬೆಂಗಳೂರಿನಲ್ಲಿ ಹತ್ತು ಲಕ್ಷವೋ ಹದಿನೈದು ಲಕ್ಷವೋ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುತ್ತಾರಲ್ಲ, ಆ ಲೀಸ್ ಅಲ್ಲ. ಇಲ್ಲಿ ಮನೆಗೆ ನೀವೇ ಒಡೆಯರು. ಗೋಡೆ ಒಡೆದು ಅಡುಗೆ ಮನೆ ದೊಡ್ಡದು ಮಾಡಿ, ಮಕ್ಕಳಿಗೆ ಬರೆದುಕೊಡಿ. ಆದರೆ ನೀವೇ ವಾಸ ಇರಬೇಕು, ಬಾಡಿಗೆ ವ್ಯಾಪಾರಕ್ಕೆ ಅಂತ ಕೊಂಡು ಹಾಕುವ ಹಾಗಿಲ್ಲ. ಮಾರುವಾಗ ಬೆಲೆಗೆ ಒಂದು ಮಿತಿ ಇದೆ. ಹಾಕಿದ್ದು ಬರುತ್ತೆ, ಮೇಲೆ ಸ್ವಲ್ಪ ಬರುತ್ತೆ, ಮಾರುಕಟ್ಟೆಯ ಪೂರ್ತಿ ಏರಿಕೆ ಬರಲ್ಲ. ಮುಂದೆ ಕೊಳ್ಳುವವರೂ ಕಡಿಮೆ ಆದಾಯದವರೇ ಆಗಿರಬೇಕು.

ಹೀಗೆ 30 ಎಕರೆಗೂ ಮೇಲ್ಪಟ್ಟ ಜಮೀನು ಟ್ರಸ್ಟಿನ ಕೈ ಸೇರಿದೆ. ಅದರ ಮೇಲೆ ಸುಮಾರು 225 ಮನೆಗಳು. ಕೆಲವು ಸ್ವಂತದ್ದು, ಕೆಲವು ಸಹಕಾರಿ ಪದ್ಧತಿಯವು, ಕೆಲವು ಬಾಡಿಗೆಯವು.

ಬಡವರಿಗೆ ಮಾತ್ರ ಲಾಭಕ್ಕೆ ಮಿತಿ ಯಾಕೆ? ಇದು ಅನ್ಯಾಯ ಅಲ್ವಾ?

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದೇ. ಬೇರೆಯವರೆಲ್ಲ ಮನೆ ಕೊಂಡು, ಬೆಲೆ ಏರಿದಾಗ ಮಾರಿ ಮೇಲೆ ಬಂದರು. ಅಮೆರಿಕದ ಬಿಳಿ ಮಧ್ಯಮ ವರ್ಗ ಆಸ್ತಿ ಮಾಡಿದ್ದೇ ಹಾಗೆ. ದಶಕಗಳ ಕಾಲ ಸಾಲವೇ ಸಿಗದಿದ್ದ ಜನಕ್ಕೆ ಈಗ ಮನೆ ಸಿಕ್ಕರೂ ಪೂರ್ತಿ ಲಾಭ ಇಲ್ಲ ಅಂದರೆ ಸಿಟ್ಟು ಬರಲ್ವಾ?

ಟ್ರಸ್ಟಿನ ಕಡೆಯವರ ಉತ್ತರ ಹೀಗಿದೆ: ಮನೆ ಕಡಿಮೆ ಬೆಲೆಗೆ ಸಿಕ್ಕಿದ್ದು ಸಾರ್ವಜನಿಕ ದುಡ್ಡು ಮತ್ತು ಅಕ್ಕಪಕ್ಕದವರ ಹೋರಾಟದಿಂದ. ಮೊದಲು ಬಂದ ಒಂದೇ ಕುಟುಂಬ ಆ ಲಾಭವನ್ನೆಲ್ಲ ಎತ್ತಿಕೊಂಡು ಹೋದರೆ, ಎರಡನೆಯವರಿಗೆ ಮತ್ತೆ ಹೊಸದಾಗಿ ಸಬ್ಸಿಡಿ ಹುಡುಕಬೇಕು. ನನಗೆ ಈ ಉತ್ತರ ಒಪ್ಪಿಗೆ. ಆದರೆ ಟ್ರಸ್ಟಿನ ಮನೆ ಕೊಂಡು, ಹತ್ತು ವರ್ಷದ ಮೇಲೆ ಮಾರಿ ಬೇರೆ ಊರಿಗೆ ಹೋಗಬೇಕಾದವರಿಗೆ ಕೈಯಲ್ಲಿರುವ ದುಡ್ಡು ಸಾಲಲ್ಲ, ಅದೂ ನಿಜ.

2008ರ ಮನೆ ಸಾಲದ ಬಿಕ್ಕಟ್ಟಿನಲ್ಲಿ ಏನಾಯಿತು?

ಸುತ್ತಲಿನ ಬೀದಿಗಳಲ್ಲಿ ಬ್ಯಾಂಕುಗಳು ಸಾಲು ಸಾಲಾಗಿ ಮನೆ ಜಪ್ತಿ ಮಾಡಿದವು. ಟ್ರಸ್ಟಿನ ಜಮೀನಿನ ಮೇಲಿದ್ದ ಮನೆಗಳಲ್ಲಿ ಹಾಗಾಗಿದ್ದು ತೀರಾ ಕಡಿಮೆ. ಬೆಲೆ ಮೊದಲೇ ಕಡಿಮೆ, ಹಾಗಾಗಿ ಸಾಲವೂ ಕಡಿಮೆ. ಮೋಸದ ಸಾಲ ಮಾರುವವರು ಬಂದರೆ ಮಧ್ಯದಲ್ಲಿ ಟ್ರಸ್ಟು ನಿಂತಿರುತ್ತೆ, ಕಂತು ತಪ್ಪಿದರೆ ಮಾತಾಡಿಸಿ ದಾರಿ ಹುಡುಕುತ್ತೆ.

ಜಮೀನು ಎಲ್ಲರದು, ಮನೆ ಒಬ್ಬರದು ಅನ್ನುವ ಈ ಐಡಿಯಾ ಎಲ್ಲಿಂದ ಬಂತು?

ಇಲ್ಲಿ ನಮ್ಮ ಕಡೆಯ ನಂಟು ಇದೆ. ಅಮೆರಿಕದ ಮೊದಲ ಸಮುದಾಯ ಭೂ ಟ್ರಸ್ಟ್ 1969ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಶುರುವಾದ ನ್ಯೂ ಕಮ್ಯುನಿಟೀಸ್. ಕಪ್ಪು ರೈತರಿಗಾಗಿ ಮಾಡಿದ್ದು. ಅದನ್ನು ಕಟ್ಟಿದವರಲ್ಲಿ ಒಬ್ಬರು ರಾಬರ್ಟ್ ಸ್ವಾನ್. ಅವರಿಗೆ ಸ್ಫೂರ್ತಿಯಾದ ವಿಚಾರಗಳಲ್ಲಿ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು.

ವಿನೋಬಾ 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಶುರು ಮಾಡಿದರು. ಭೂಮಿ ಸಿಕ್ಕಿದ ಬಡವರಲ್ಲಿ ಕೆಲವರು ಕಷ್ಟಕ್ಕೆ ಬಿದ್ದು ಅದನ್ನು ಮತ್ತೆ ಕಳೆದುಕೊಳ್ಳುವ ಅಪಾಯ ಇದ್ದೇ ಇತ್ತು. ಗ್ರಾಮದಾನದಲ್ಲಿ ಭೂಮಿಯ ಒಡೆತನ ಇಡೀ ಹಳ್ಳಿಯದು, ಉಳುವುದು ಆಯಾ ಕುಟುಂಬ. ಈ ಗ್ರಾಮದಾನದ ಬಗ್ಗೆ 1957ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಸಮ್ಮೇಳನ ನಡೆದದ್ದು ನಮ್ಮ ಮೈಸೂರು ಪಕ್ಕದ ಇಲವಾಲದಲ್ಲಿ. ನೆಹರೂ ಬಂದಿದ್ದರು, ರಾಜೇಂದ್ರ ಪ್ರಸಾದ್ ಬಂದಿದ್ದರು, ಕಮ್ಯುನಿಸ್ಟರ ಕಡೆಯಿಂದ ನಂಬೂದಿರಿಪಾಡ್ ಬಂದಿದ್ದರು. ಹುಣಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಇಲವಾಲದ ಬೋರ್ಡು ನೋಡುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ. ನಮ್ಮಲ್ಲಿ ಗ್ರಾಮದಾನ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು.

ಮನೆ ಬಿಟ್ಟು ಇನ್ನೇನು ಮಾಡಿದ್ದಾರೆ?

ಹಳೇ ಗ್ಯಾರೇಜಿನ ಜಾಗದಲ್ಲಿ 10,000 ಚದರ ಅಡಿಯ ಹಸಿರುಮನೆ ಇದೆ. ಅದನ್ನು ನಡೆಸಿಕೊಂಡು ಬಂದದ್ದು ಫುಡ್ ಪ್ರಾಜೆಕ್ಟ್ ಅನ್ನುವ ಇನ್ನೊಂದು ಸಂಸ್ಥೆ. ಚಳಿಗಾಲದಲ್ಲಿ ಹಿಮ ಬೀಳುವ ಊರಲ್ಲಿ ಒಳಗಡೆ ಸೊಪ್ಪು, ಟೊಮ್ಯಾಟೊ. ಖಾಲಿ ಸೈಟುಗಳಲ್ಲೂ ತರಕಾರಿ ಬೆಳೆಯುತ್ತಾರೆ, ಆದರೆ ಅಲ್ಲಿ ಮಣ್ಣಿನದೇ ತಲೆನೋವು. ಹಳೇ ಮನೆಗಳ ಬಣ್ಣದಲ್ಲಿದ್ದ ಸೀಸ ನೆಲಕ್ಕೆ ಇಳಿದಿದೆ, ಹಾಗಾಗಿ ಪಾತಿ ಎತ್ತರಿಸಿ ಒಳ್ಳೇ ಮಣ್ಣು ತುಂಬಬೇಕು.

ಡೆನ್ನಿಸ್ ಸ್ಟ್ರೀಟ್ ಪಾರ್ಕನ್ನು ಮತ್ತೆ ಮಕ್ಕಳು ಆಡುವ ಜಾಗ ಮಾಡಿದರು. ಡಡ್ಲಿ ಟೌನ್ ಕಾಮನ್ ಅನ್ನುವ ಬಯಲು ಆಯಿತು. ಅಪ್ಹಮ್ಸ್ ಕಾರ್ನರ್‌ನಲ್ಲಿ ರೈಲು ನಿಲ್ಲಬೇಕು ಅಂತಲೂ ಹೋರಾಡಿದರು. 2011ರಲ್ಲಿ ಸಾಲ್ವೇಷನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಕ್ರಾಕ್ ಸೆಂಟರ್ ಅನ್ನುವ ಸಮುದಾಯ ಕೇಂದ್ರ ಬಂತು, ಈಜುಕೊಳ ಸಮೇತ. ಮೆಕ್‌ಡೊನಾಲ್ಡ್ಸ್‌ನ ರೇ ಕ್ರಾಕ್ ಅವರ ಹೆಂಡತಿ ಜೋನ್ ಬಿಟ್ಟುಹೋದ ದುಡ್ಡದು.

ಊಟ, ಬಟ್ಟೆ, ನೋಟ್‌ಬುಕ್ ಹಂಚುತ್ತಾರಾ?

ಅದು ಇವರ ಮುಖ್ಯ ಕೆಲಸ ಅಲ್ಲ. ಆ ಕೆಲಸಕ್ಕೆ ಅಲ್ಲಿ ಚರ್ಚು, ಕ್ಲಿನಿಕ್ಕು, ಬೇರೆ ಸಂಸ್ಥೆ ಇವೆ. ಇವರು ಅವರನ್ನೆಲ್ಲ ಕೂರಿಸಿ ಮಾತಾಡಿಸುತ್ತಾರೆ, ಜನರನ್ನು ಸೇರಿಸುತ್ತಾರೆ, ಜಮೀನು ಕಾಯುತ್ತಾರೆ. ಮನೆಗಳನ್ನೂ ಎಲ್ಲವನ್ನೂ ತಾವೇ ಕಟ್ಟಲಿಲ್ಲ, ಕಟ್ಟುವ ಸಂಸ್ಥೆಗಳಿಂದ ಕಟ್ಟಿಸಿದರು.

ಹುಡುಗರಿಗೆ ಬೋರ್ಡಿನಲ್ಲಿ ಸೀಟು ಕೊಟ್ಟಿದ್ದು ಬರೀ ತೋರಿಕೆಗಾ?

ಜಾನ್ ಬ್ಯಾರೋಸ್ ಅವರನ್ನೇ ನೋಡಿ. ಕೇಪ್ ವರ್ಡಿಯಿಂದ ಬಂದ ಕುಟುಂಬದ ಹುಡುಗ, ಅದೇ ಬಡಾವಣೆಯಲ್ಲಿ ಬೆಳೆದವರು. ಹದಿಹರೆಯದಲ್ಲೇ ಮಂಡಳಿಗೆ ಬಂದರು. ಕಾಲೇಜು ಮುಗಿಸಿ, ಹೊರಗೆ ಕೆಲಸ ಮಾಡಿ, ವಾಪಸ್ ಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸ್ಥೆಯ ನಿರ್ದೇಶಕರಾಗಿದ್ದರು. 2013ರಲ್ಲಿ ಬಾಸ್ಟನ್ ಮೇಯರ್ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. ಗೆದ್ದ ಮೇಯರ್ ಇವರನ್ನೇ ನಗರದ ಆರ್ಥಿಕ ಅಭಿವೃದ್ಧಿಯ ಮುಖ್ಯಸ್ಥರನ್ನಾಗಿ ಮಾಡಿದರು.

ಈಗ ಎಲ್ಲಾ ಸರಿಹೋಗಿದೆಯಾ?

ಇಲ್ಲ. 225 ಮನೆ ಅಂದರೆ ಅಷ್ಟು ದೊಡ್ಡ ಬಡಾವಣೆಯಲ್ಲಿ ಚೂರು. ಬಡತನ ಇದೆ, ಗಲಾಟೆ ಇದೆ. ಮೊದಲು ಯಾರೂ ಬರುತ್ತಿರಲಿಲ್ಲ, ಈಗ ಎಲ್ಲರೂ ಬರುತ್ತಿದ್ದಾರೆ ಅನ್ನುವುದು ಹೊಸ ಸಮಸ್ಯೆ. ಬಾಸ್ಟನ್ನಿನ ಬಾಡಿಗೆ ಗೊತ್ತಲ್ಲ. ಟ್ರಸ್ಟಿನ ಜಮೀನಿನ ಮೇಲಿರುವವರು ಅಲುಗಾಡಬೇಕಿಲ್ಲ, ಆದರೆ ಎದುರು ಮನೆಯ ಬಾಡಿಗೆದಾರರನ್ನು ಕಾಪಾಡಲು ಟ್ರಸ್ಟಿನ ಹತ್ತಿರ ಏನೂ ಇಲ್ಲ. ಹೊಸ ಜಮೀನು ಕೊಳ್ಳೋಣ ಅಂದರೆ 1988ರ ರೇಟು ಈಗ ಎಲ್ಲಿ ಸಿಗಬೇಕು? ಸಂಸ್ಥೆ ಇವತ್ತಿಗೂ ಫೌಂಡೇಷನ್ನುಗಳ ದುಡ್ಡನ್ನು ನೆಚ್ಚಿಕೊಂಡಿದೆ. ಜಮೀನು ನಿವಾಸಿಗಳದು, ಆದರೆ ಆಫೀಸಿನ ಸಂಬಳ ಹೊರಗಿನ ದುಡ್ಡಿನಿಂದ. ಇದಕ್ಕೆ ಒಳ್ಳೇ ಪರಿಹಾರ ಯಾರ ಹತ್ತಿರವೂ ಇದ್ದ ಹಾಗಿಲ್ಲ.

ಡಡ್ಲಿ ಹೆಸರನ್ನೇ ತೆಗೆದುಹಾಕಿದರಂತೆ?

ರಸ್ತೆಯದ್ದಲ್ಲ, ಚೌಕದ್ದು. ಥಾಮಸ್ ಡಡ್ಲಿ ಅನ್ನುವವರು 1600ರ ದಶಕದಲ್ಲಿ ಅಲ್ಲಿಯ ಗವರ್ನರ್. ಗುಲಾಮಗಿರಿಗೆ ಕಾನೂನಿನ ಮುದ್ರೆ ಬಿದ್ದ ಕಾಲದ ಆಡಳಿತಗಾರರಲ್ಲಿ ಒಬ್ಬರು. ಕಪ್ಪು ಜನರ ಪೇಟೆಗೆ ಅವರ ಹೆಸರು ಯಾಕೆ ಅಂತ ಸ್ಥಳೀಯರು ಕೇಳಿದರು. 2019ರ ಡಿಸೆಂಬರ್‌ನಲ್ಲಿ ಡಡ್ಲಿ ಸ್ಕ್ವೇರ್ ನೂಬಿಯನ್ ಸ್ಕ್ವೇರ್ ಆಯಿತು. ರಸ್ತೆ ಈಗಲೂ ಡಡ್ಲಿ ಸ್ಟ್ರೀಟೇ.

ಮಗಳು ಬಾಸ್ಟನ್‌ನಲ್ಲಿದ್ದಾಳೆ. ಹೋದಾಗ ನೋಡಬಹುದಾ?

ಧಾರಾಳವಾಗಿ. ಅದು ಊರಿನ ಬೀದಿ, ಟಿಕೆಟ್ ಏನಿಲ್ಲ. ಸಿಲ್ವರ್ ಲೈನ್ ಬಸ್ಸು ಹಿಡಿದು ನೂಬಿಯನ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಡಡ್ಲಿ ಸ್ಟ್ರೀಟ್ ಹಿಡಿದು ಅಪ್ಹಮ್ಸ್ ಕಾರ್ನರ್ ಕಡೆಗೆ ನಡೆಯಿರಿ, ದಾರಿಯಲ್ಲಿ ಟೌನ್ ಕಾಮನ್ ಸಿಗುತ್ತೆ. ಅಕ್ಕಪಕ್ಕದ ಗಲ್ಲಿಗಳಲ್ಲಿ ಮರದ ಮನೆಗಳು, ಮುಂದೆ ಪುಟ್ಟ ಅಂಗಳ. ಟ್ರಸ್ಟಿನ ಮನೆ ಯಾವುದು, ಬೇರೆಯದು ಯಾವುದು ಅಂತ ಹೊರಗಿನಿಂದ ಗೊತ್ತಾಗಲ್ಲ, ಹುಡುಕಬೇಡಿ. ಜನ ವಾಸ ಇರುವ ಮನೆ, ಗೇಟಿನ ಹತ್ತಿರ ನಿಂತು ಫೋಟೋ ತೆಗೆಯುವುದೂ ಬೇಡ. ವಾಪಸ್ ಬರುವಾಗ ಅಪ್ಹಮ್ಸ್ ಕಾರ್ನರ್‌ನಲ್ಲೇ ಫೇರ್‌ಮೌಂಟ್ ಲೈನಿನ ರೈಲು ಹತ್ತಿದರೆ ನೇರ ಸೌತ್ ಸ್ಟೇಷನ್.